ಬಂಡೆ ಕುಡಿದ ನೀರು

ಎದ್ದು ನಿಂತಾಗ ಕುರ್ಚಿಯೂ ಜೊತೆಗೆ ಎದ್ದಿತು. ಬಂಡೆಯ ಗ್ರಹಚಾರ ಶುರುವಾದದ್ದೇ ಅಲ್ಲಿಂದ.

ಮೇಜು ಕುರ್ಚಿ ಮಾರುವ ಆ ಅಂಗಡಿಯಲ್ಲಿ ಬಂಡೆ ಎಂದೇ ಎಲ್ಲರೂ ಕರೆಯುವ ದಢೂತಿ ಆಳಿಗಿದ್ದ ಕೆಲಸ ಕೂರುವುದು. ಕುರ್ಚಿ ಗಟ್ಟಿಯೋ ಇಲ್ಲವೋ ಎಂದು ಗಿರಾಕಿ ಅನುಮಾನಪಟ್ಟರೆ ಸಾಕು, ಮಾಲೀಕ ಚಪ್ಪಾಳೆ ತಟ್ಟುತ್ತಿದ್ದ. ಬಂಡೆ ಬಂದು ಧೊಪ್ಪೆಂದು ಕೂರುತ್ತಿದ್ದ. ಕುರ್ಚಿ ಉಳಿದರೆ ವ್ಯಾಪಾರ ಆದಂತೆಯೇ. ಆದರೆ ನಿನ್ನೆ ಕೈಗಳಿದ್ದ ಕುರ್ಚಿಯೊಂದು ಅವನ ಸೊಂಟ ಬಿಡಲಿಲ್ಲ. ಇಬ್ಬರು ಹಿಡಿದೆಳೆದು ಬಿಡಿಸಿದರು. ಗಿರಾಕಿಯ ಮಕ್ಕಳು ಬಿದ್ದು ಬಿದ್ದು ನಕ್ಕವು.

ಇವತ್ತು ಬೆಳಿಗ್ಗೆ ಬಂದವನೇ ಬಂಡೆ ಘೋಷಿಸಿದ.

"ಇವತ್ತಿಂದ ಕೋಲಾ ಬಂದ್. ಹೆಂಡ್ತಿ ಆಣೆ ಹಾಕಿಸ್ಕೊಂಡಿದ್ದಾಳೆ. ಸಣ್ಣಗಾಗ್ತೀನಿ ಯಜಮಾನ್ರೇ. ಕೂತು ಎದ್ದು ಮಂಡಿ ಸವೆದುಹೋಯ್ತು, ನನಗೂ ಬಿಲ್ ಬರೆಯೋ ಕೆಲಸ ಕೊಡಿ."

ಮಾಲೀಕನ ಎದೆ ಧಸಕ್ಕೆಂದಿತು. "ನೀನು ಸಣ್ಣಗಾದ್ರೆ ನನ್ನ ಕುರ್ಚಿಗಳ ಗತಿ ಏನೋ?"

ಗಂಟೆಗೊಂದು ಬಾಟಲಿ ಕೋಲಾ ಇಳಿಸುವ ಈ ಮನುಷ್ಯ ಮಧ್ಯಾಹ್ನದವರೆಗೂ ತಡೆಯಲಾರ ಎಂದುಕೊಂಡು ಪಂದ್ಯ ಕಟ್ಟಿದ. "ಬಾಗಿಲು ಹಾಕೋವರೆಗೆ ಕೋಲಾ ಆಗ್ಲಿ ಶರಬತ್ತಾಗ್ಲಿ, ಸಿಹಿ ಇರೋದು ಒಂದು ತೊಟ್ಟೂ ನಿನ್ನ ಗಂಟಲಲ್ಲಿ ಇಳೀಬಾರದು. ಗೆದ್ರೆ ಬಿಲ್ ಮೇಜು ನಿಂದು. ಸೋತ್ರೆ ಜೀವಮಾನವೆಲ್ಲ ಕೂತ್ಕೋ, ಮತ್ತೆ ಬಾಯಿ ಬಿಡಬಾರದು."

"ಆಗಲಿ" ಎಂದ ಬಂಡೆ, ಹೆಂಡತಿ ಕೊಟ್ಟು ಕಳಿಸಿದ್ದ ದೊಡ್ಡ ನೀರಿನ ಬಾಟಲಿಯನ್ನು ಊಟದ ಮೇಜೊಂದರ ಮೇಲೆ ಕುಕ್ಕಿದ.

ಆಮೇಲೆ ಶುರುವಾಯಿತು ನೋಡಿ ಹಿಂಸೆ. ಅಂಗಡಿಯ ಬಡಗಿ ಅವನ ಕಿವಿಯ ಪಕ್ಕದಲ್ಲೇ ಕೋಲಾ ಮುಚ್ಚಳ ಠಸ್ಸೆನಿಸಿದ. ಮಾಲೀಕ ಎದುರಿಗೇ ಕೂತು ಸೊರ್ರೆಂದು ಹೀರಿ, ಊರಿಗೆಲ್ಲ ಕೇಳುವಂತೆ ತೇಗಿದ. ತನ್ನ ಮೇಜಿಗೇ ಸಂಚಕಾರ ಬಂತೆಂದು ಹೆದರಿದ ಬಿಲ್ ಬರೆಯುವ ಅಕ್ಕನಂತೂ ಸೆರಗಿನಡಿ ತಣ್ಣನೆಯ ಬಾಟಲಿ ಹಿಡಿದು ಬಂದಳು.

"ಒಂದೇ ಗುಟುಕು ಕಣೋ ತಮ್ಮಾ. ನಾನು ಯಾರಿಗೂ ಹೇಳಲ್ಲ."

"ಆ ಕಡೆ ತಗೊಂಡು ಹೋಗಕ್ಕಾ!" ಎಂದು ಬಂಡೆ ಕಣ್ಣು ಮುಚ್ಚಿ ತನ್ನ ನೀರನ್ನೇ ಗಟಗಟ ಕುಡಿದ. ಏನು ರುಚಿ! ಬರಿಯ ನೀರು ಕುಡಿದು ವರ್ಷಗಳೇ ಆಗಿದ್ದವು. ನೀರು ಇಷ್ಟು ಚೆನ್ನಾಗಿರುತ್ತದೆಂದು ಗೊತ್ತಿದ್ದರೆ ಆ ಕೋಲಾವನ್ನು ಮೂಸಿಯೂ ನೋಡುತ್ತಿರಲಿಲ್ಲವಲ್ಲ ಎಂದು ಮರುಗಿದ. "ಚಟ ಬಿಟ್ಟವನ ನಾಲಗೆಗೆ ನೀರೇ ಅಮೃತ ಕಣಯ್ಯಾ" ಎಂದು ಬಡಗಿಗೆ ಉಪದೇಶವನ್ನೂ ಮಾಡಿದ.

ಸಂಜೆಯಾಯಿತು. ಬಂಡೆ ಮನಸ್ಸಿನಲ್ಲೇ ಬಿಲ್ ಬರೆಯತೊಡಗಿದ್ದ. ಕೊನೆಯ ಗಿರಾಕಿ ಆ ಊಟದ ಮೇಜನ್ನು ಸವರಿ ನೋಡಿದವನು ಬೆಚ್ಚಿ ಕೈ ಹಿಂದೆಗೆದ.

"ಏನ್ರೀ ಇದು, ಹುಳ ಹತ್ತಿದ ಮರ ಮಾರ್ತೀರಾ?"

ಹುಳವಲ್ಲ, ಇರುವೆ. ಮೇಜಿನ ಕಾಲಿನಿಂದ ಹತ್ತಿದ ಸಾಲು ಶಿಸ್ತಾಗಿ ಬಂಡೆಯ ಬಾಟಲಿಯ ಬಾಯಿಗೆ ಹೋಗಿ ಮುಟ್ಟಿತ್ತು. ಮಾಲೀಕ ಬಾಟಲಿಯ ತಳದಲ್ಲಿ ಉಳಿದಿದ್ದ ನೀರನ್ನು ಅಂಗೈಗೆ ಬಗ್ಗಿಸಿಕೊಂಡು ನೆಕ್ಕಿದ. ಮುಖ ಊರಗಲವಾಯಿತು.

"ಪಾನಕ ಕಣೋ! ಬೆಳಿಗ್ಗೆಯಿಂದ ಪಾನಕ ಕುಡೀತಿದ್ದಾನೆ ಕಳ್ಳ!" ಎಂದು ಕುಣಿದ. ಅಕ್ಕ ನೆಮ್ಮದಿಯಿಂದ ತನ್ನ ಮೇಜಿಗೆ ಒರಗಿದಳು.

"ಯಜಮಾನ್ರೇ, ನಿಮ್ಮದೇ ಕೈವಾಡ!" ಎಂದು ಬಂಡೆ ಕೂಗಾಡಿದ. ಮಾಲೀಕ ತನ್ನ ಅಂಗಡಿಯ ಅಷ್ಟೂ ಕುರ್ಚಿಗಳ ಮೇಲೆ ಆಣೆ ಮಾಡಿದ. ನಂಬದೆ ಬೇರೆ ದಾರಿಯಿರಲಿಲ್ಲ.

ಮನೆ ಮುಟ್ಟುವಷ್ಟರಲ್ಲಿ ಬಂಡೆಯ ಕಣ್ಣಲ್ಲಿ ನೀರಾಡುತ್ತಿತ್ತು. ಖಾಲಿ ಬಾಟಲಿಯನ್ನು ಹೆಂಡತಿಯ ಮುಂದೆ ಹಿಡಿದ.

"ಇದರಲ್ಲಿ ಏನು ಹಾಕಿದ್ದೆ?"

"ಸಕ್ಕರೆ" ಎಂದಳು ಆಕೆ, ಅದರಲ್ಲೇನು ವಿಶೇಷ ಎನ್ನುವಂತೆ. "ದಿಢೀರಂತ ಕೋಲಾ ಬಿಟ್ರೆ ತಲೆ ಸುತ್ತಿ ಬಿದ್ಗಿದ್ದೀರಿ ಅಂತ ಹತ್ತೇ ಹತ್ತು ಚಮಚ ಹಾಕಿದ್ದೆ."

"ನನ್ನ ಬಾಳೇ ಹಾಳಾಯ್ತಲ್ಲೇ! ನಾನು ಸಣ್ಣಗಾಗಬೇಕು ಕಣೇ, ಸಣ್ಣಗೆ!"

ಗಂಡನ ಗೋಳು ನೋಡಿ ಆಕೆಯ ಕರುಳು ಚುರುಕ್ಕೆಂದಿತು. ಬೆನ್ನು ಸವರಿ ಸಮಾಧಾನ ಹೇಳಿದಳು.

"ಅಳಬೇಡಿ, ಆಗಿದ್ದಾಯ್ತು. ನಾಳೆಯಿಂದ ಸಕ್ಕರೆ ಹಾಕಲ್ಲ. ಜೇನುತುಪ್ಪ ಹಾಕ್ತೀನಿ, ಬಾಟಲಿಗೆ ಅರ್ಧ. ಅದು ಕುಡಿದ್ರೆ ಸಣ್ಣಗಾಗ್ತಾರಂತೆ."