ಎದ್ದು ನಿಲ್ಲದ ಬೀರು

ಕಳೆದ ೨೦೧೮ರ ಆಗಸ್ಟ್ ೧, ಬುಧವಾರ, ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ ಊಟದ ಮೇಜಿನ ಮುಂದೆ ಎದ್ದು ನಿಂತು ನಾನೊಂದು ಘೋಷಣೆ ಮಾಡಿದೆ: ಈ ದೇಹದಲ್ಲಿ ಉಸಿರಿರುವವರೆಗೆ ನನ್ನ ಮೊಮ್ಮಗಳು ರೇಖಾಗಣಿತಕ್ಕಾಗಿ ಪರರ ಹೊಸ್ತಿಲು ತುಳಿಯತಕ್ಕದ್ದಲ್ಲ!

ಮಗುವಿಗೆ ಕಿರುಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಒಂಬತ್ತು ಬಂದಿತ್ತು. ಸೊಸೆ ಟ್ಯೂಷನ್ ಗೊತ್ತುಮಾಡಿಕೊಂಡೇ ಬಂದಿದ್ದಳು. ಅದರ ಸಮಯ ಸಂಜೆ ಆರರಿಂದ ಏಳು. ಅಂದರೆ ಮೊಮ್ಮಗಳು ನನ್ನ ಪಕ್ಕದಲ್ಲಿ ಕೂರುವ ಗಂಟೆ. ಈ ಮನೆಯಲ್ಲಿ ನನ್ನ ಮಾತನ್ನು ಪೂರ್ತಿ ಕೇಳುವವಳು ಅವಳೊಬ್ಬಳೇ. ಆ ಗಂಟೆಯೂ ಕೈಬಿಟ್ಟರೆ ನನಗೆ ಉಳಿಯುವುದು ಗೋಡೆಯ ಗಡಿಯಾರ. ಅದೂ ಎರಡು ನಿಮಿಷ ಹಿಂದಿದೆ.

೧೯೬೧ರ ಮಾರ್ಚ್ ೧೭, ಶುಕ್ರವಾರದ ಪರೀಕ್ಷೆಯಲ್ಲಿ ನಾನು ಗಣಿತದಲ್ಲಿ ನೂರಕ್ಕೆ ತೊಂಬತ್ತೇಳು ಪಡೆದವನೆಂದು ಸೊಸೆಗೆ ಜ್ಞಾಪಿಸಿದೆ. ಅವಳು ಒಂದು ಷರತ್ತಿಗೆ ಒಪ್ಪಿದಳು. ಮುಂದಿನ ವಾರ ಗುರುವಾರ ಮತ್ತೊಂದು ಪರೀಕ್ಷೆಯಿದೆ, ಅದರಲ್ಲಿ ಇಪ್ಪತ್ತು ಅಂಕ ದಾಟಿದರೆ ಗಂಟೆ ನನ್ನದು, ಇಲ್ಲವಾದರೆ ಟ್ಯೂಷನ್ನಿನದು.

ನನ್ನ ಕಾಲದ ಶಿಸ್ತಿನಂತೆಯೇ ಪಾಠ ಆರಂಭವಾಯಿತು. ಆಯತದ ಎದುರು ಬಾಹುಗಳು ಸಮ, ನಾಲ್ಕು ಕೋನಗಳೂ ಲಂಬ, ಕರ್ಣವು ಯಾವ ಬಾಹುವಿಗಿಂತಲೂ ಉದ್ದ. ಇಪ್ಪತ್ತು ಸಲ ಹೇಳಿಸಿದೆ. ಇಪ್ಪತ್ತೊಂದನೆಯ ಸಲ ಅವಳು "ಯಾಕೆ ತಾತ?" ಎಂದಳು. 'ಯಾಕೆ' ಎಂಬುದು ಪಠ್ಯದಲ್ಲಿಲ್ಲ ಎಂದು ತಿಳಿಸಿದೆ.

ಶನಿವಾರ ಬಡಗಿ ಹೊಸ ಬೀರುವಿನ ಹಲಗೆಗಳನ್ನು ತಂದು ಕೋಣೆಯಲ್ಲಿಟ್ಟು, ನಾಳೆ ಮಧ್ಯಾಹ್ನ ಬಂದು ಜೋಡಿಸುವುದಾಗಿ ಹೇಳಿದ. ಹಾಸಿಗೆ, ದಿಂಬುಗಳೆಲ್ಲ ಹಿಡಿಯಲೆಂದು ಮಾಡಿಸಿದ ಬೀರು: ಎತ್ತರ ತೊಂಬತ್ತಾರು ಅಂಗುಲ, ಆಳ ಇಪ್ಪತ್ತೆಂಟು. ಚಾವಣಿ ತೊಂಬತ್ತೆಂಟು ಅಂಗುಲದಲ್ಲಿತ್ತು. ಮೂರು ಸಲ ಅಳೆದು, ಎರಡಂಗುಲ ಬಿಡುವು ಕೊಟ್ಟವನು ನಾನೇ. ಹೊರಡುವಾಗ ಬಡಗಿ, ನಾನು ಕೈಹಾಕುವುದೇ ಆದರೆ ನಿಲ್ಲಿಸಿಕೊಂಡೇ ಜೋಡಿಸಬೇಕೆಂದು ಎಚ್ಚರಿಸಿದ. ತೊಂಬತ್ತೇಳು ಅಂಕದವನಿಗೆ ಬಡಗಿಯ ಉಪದೇಶವೇ?

ಆಯತದ ಪಾಠಕ್ಕೆ ಇದಕ್ಕಿಂತ ಭವ್ಯವಾದ ಉಪಕರಣ ಯಾವ ಶಾಲೆಯಲ್ಲಿದೆ! ಆಗಸ್ಟ್ ೫, ಭಾನುವಾರ, ಬೆಳಗ್ಗೆ ಎಂಟೂವರೆಗೆ ಮೊಮ್ಮಗಳ ಸಮ್ಮುಖದಲ್ಲಿ ಬೀರುವನ್ನು ನೆಲದ ಮೇಲೆ ಅಂಗಾತ ಮಲಗಿಸಿ, ಐವತ್ತೆರಡು ತಿರುಪುಗಳನ್ನು ಬಿಗಿದೆ. ಬಳಿಕ ಸೊಸೆಯನ್ನು ಕರೆದೆ. ಇಬ್ಬರೂ ಸೇರಿ ತಲೆಯ ಕಡೆಯಿಂದ ಎತ್ತಿದೆವು.

ಬೀರು ಗಂಭೀರವಾಗಿ ಏಳತೊಡಗಿತು. ಅರ್ಧಕ್ಕಿಂತ ಮೇಲೆದ್ದು, ಟಕ್ಕೆಂದು ನಿಂತಿತು. ಅದರ ಮೇಲಿನ ಮೂಲೆ ಚಾವಣಿಗೆ ತಾಗಿತ್ತು.

ಇದು ಸಾಧ್ಯವೇ ಇಲ್ಲ ಎಂದೆ. ಚಾವಣಿ ಜೋತುಬಿದ್ದಿರಬೇಕೆಂದು ನಾಲ್ಕು ಕಡೆ ಅಳೆಸಿದೆ, ಎಲ್ಲೆಡೆ ತೊಂಬತ್ತೆಂಟು. ಟೇಪಿನ ಮೇಲೆ ಸಂಶಯ ಬಂದು ಹೆಂಡತಿಯ ಹೊಲಿಗೆಯ ಟೇಪು ತರಿಸಿದೆ. ಅದೂ ಅದನ್ನೇ ಹೇಳಿತು. ಇನ್ನು ಉಳಿದದ್ದು ಬಲಪ್ರಯೋಗ. ಭುಜ ಕೊಟ್ಟು ನೂಕಿದೆ. ಊಟದ ತಟ್ಟೆಯಷ್ಟು ಗಾರೆ ನನ್ನ ನೆತ್ತಿಯ ಮೇಲೆ ಬಿತ್ತು. ಬೀರು ಮೇಲಕ್ಕೂ ಹೋಗದೆ, ಕೆಳಕ್ಕೂ ಬಾರದೆ ಸಿಕ್ಕಿಕೊಂಡಿತು. ಬಿಟ್ಟರೆ ಬಿದ್ದೀತೆಂಬ ಭಯದಿಂದ ನಾನು ಅದರ ಕೆಳಗೆ ಭುಜವೂರಿ ನಿಂತೆ. ಸೊಸೆ ಬಡಗಿಯ ಮನೆಗೆ ಓಡಿದಳು.

ಹೆಂಡತಿ ಬಂದು ಬಾಗಿಲಲ್ಲಿ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹಾಗೇ ಇರಿ. ನಲವತ್ತಾರು ವರ್ಷದಲ್ಲಿ ಇವತ್ತೇ ನೀವು ಒಂದು ಕಡೆ ನಿಂತಿದ್ದು."

ಮೊಮ್ಮಗಳ ಗಮನ ಮಾತ್ರ ನನ್ನ ಮೇಲಿರಲಿಲ್ಲ. ಕೋನಮಾಪಕ ತಂದು ಬೀರುವಿನ ಬುಡದಲ್ಲಿ ಹಿಡಿದು "ಅರವತ್ತೆರಡು ಡಿಗ್ರಿ" ಎಂದು ಬರೆದುಕೊಂಡಳು. ಅನಂತರ ನೆಲದ ಮೇಲೆ ಕುಳಿತು, ಎರಡು ದಪ್ಪ ಪುಸ್ತಕಗಳ ಮೇಲೊಂದು ಹಲಗೆಯಿಟ್ಟು, ಅದರ ಕೆಳಗೆ ಬೆಂಕಿಪೊಟ್ಟಣವನ್ನು ಮಲಗಿಸುವುದು, ಎಬ್ಬಿಸುವುದು ನಡೆಸಿದಳು.

"ತಾತ, ಮಲಗಿದ್ರೂ ಹಿಡಿಸತ್ತೆ, ನಿಂತ್ರೂ ಹಿಡಿಸತ್ತೆ. ಏಳೋವಾಗ ಮಾತ್ರ ಹಿಡಿಸಲ್ಲ. ಯಾಕೆ?"

ಪಠ್ಯದಲ್ಲಿಲ್ಲ ಎನ್ನಲು ಬಾಯಿ ಬರಲಿಲ್ಲ. ನನಗೂ ಅದೇ ಬೇಕಾಗಿತ್ತು. ಎಪ್ಪತ್ತೆರಡು ವರ್ಷಗಳಲ್ಲಿ ಅಷ್ಟು ಆಸೆಯಿಂದ ನಾನು ಯಾವ 'ಯಾಕೆ'ಯ ಉತ್ತರಕ್ಕೂ ಕಾದಿರಲಿಲ್ಲ.

ಅವಳು ಪೊಟ್ಟಣದ ಪಕ್ಕದ ಮೈಮೇಲೆ ಮೂಲೆಯಿಂದ ಮೂಲೆಗೆ ಪೆನ್ಸಿಲ್ ಗೆರೆ ಎಳೆದಳು. ಪೊಟ್ಟಣವನ್ನು ನಿಧಾನವಾಗಿ ಎಬ್ಬಿಸಿದಂತೆ ಆ ಗೆರೆಯೂ ಎದ್ದಿತು. ಅದು ನೆಟ್ಟಗಾಗುವ ಮೊದಲೇ ಮೂಲೆ ಹಲಗೆಗೆ ತಾಗಿತು.

"ಎದ್ದು ನಿಲ್ಲಬೇಕಾದ್ರೆ ಕರ್ಣ ದಾಟಬೇಕು ತಾತ. ನಮ್ಮ ಬೀರುವಿನ ಕರ್ಣ ಎಷ್ಟು?"

ಲೆಕ್ಕ ಅವಳೇ ಮಾಡಿದಳು. ತೊಂಬತ್ತಾರರ ವರ್ಗ ಒಂಬತ್ತು ಸಾವಿರದ ಇನ್ನೂರ ಹದಿನಾರು. ಇಪ್ಪತ್ತೆಂಟರ ವರ್ಗ ಏಳುನೂರ ಎಂಬತ್ತನಾಲ್ಕು. ಕೂಡಿದರೆ ಸರಿಯಾಗಿ ಹತ್ತು ಸಾವಿರ. ವರ್ಗಮೂಲ ನೂರು! ಚಾವಣಿ ತೊಂಬತ್ತೆಂಟು. ನಾನು ಕೊಟ್ಟ ಎರಡಂಗುಲದ ಬಿಡುವನ್ನು ನುಂಗಿ, ಕರ್ಣ ಇನ್ನೂ ಎರಡಂಗುಲ ಕೇಳುತ್ತಿತ್ತು. ಕರ್ಣ ಬಾಹುವಿಗಿಂತ ಉದ್ದವೆಂದು ಇಪ್ಪತ್ತು ಸಲ ಹೇಳಿಸಿದವನು ಅದನ್ನು ಹೆಗಲ ಮೇಲೆ ಹೊತ್ತು ನಿಂತಿದ್ದೆ.

ಬಡಗಿ ಹನ್ನೊಂದಕ್ಕೆ ಬಂದ. ನಗಲಿಲ್ಲ; ಅದೇ ಹೆಚ್ಚು ನೋಯಿಸಿತು. ಬುಡವನ್ನು ಹಿಂದಕ್ಕೆಳೆದು ಬೀರುವನ್ನು ಮಲಗಿಸಿ, ಐವತ್ತೆರಡು ತಿರುಪುಗಳನ್ನೂ ಬಿಚ್ಚಿ, ನಿಲ್ಲಿಸಿಕೊಂಡೇ ಜೋಡಿಸಿ ಹೋದ.

ಆಗಸ್ಟ್ ೧೪, ಮಂಗಳವಾರ ಅಂಕಗಳು ಬಂದವು: ಇಪ್ಪತ್ತೈದಕ್ಕೆ ಇಪ್ಪತ್ತನಾಲ್ಕು. ನಾನು ಕೋಟಿನ ಗುಂಡಿ ಹಾಕಿಕೊಂಡು ಪ್ರಶಂಸೆಗೆ ಸಿದ್ಧನಾದೆ. ಆದರೆ ಸೊಸೆ ಕೇಳಿದ್ದು ಮಗಳನ್ನು. ಆ ಟ್ಯೂಷನ್ನಿನವರು ಇನ್ನೂ ಚೆನ್ನಾಗಿ ಹೇಳಿಕೊಡುತ್ತಾರಂತೆ, ಹೋಗುತ್ತೀಯಾ ಎಂದಳು. ಹಾಕಿದ ಗುಂಡಿಯನ್ನು ನಾನು ಮತ್ತೆ ಬಿಚ್ಚಿದೆ.

"ಬೇಡಮ್ಮ. ಅಲ್ಲಿ ಸರಿ ಯಾವುದು ಅಂತ ಅಷ್ಟೇ ಹೇಳ್ತಾರೆ. ತಾತ ತಪ್ಪು ಮಾಡಿ ತೋರಿಸ್ತಾರೆ."

ಹೀಗೆ ಗಂಟೆ ನನಗೇ ಉಳಿಯಿತು. ಮುಂದಿನ ಪಾಠ ಯಾವುದೆಂದು ಹೆಂಡತಿ ವಿಚಾರಿಸಿದಳು. ವೃತ್ತ ಎಂದಳು ಮೊಮ್ಮಗಳು.

ಹೆಂಡತಿ ಎದ್ದು ಅಡುಗೆಮನೆಗೆ ಹೋಗಿ, ಒಳಗಿನಿಂದ ಚಿಲಕ ಹಾಕಿಕೊಂಡಳು. ಮನೆಯ ದುಂಡನೆಯ ವಸ್ತುಗಳೆಲ್ಲ ಇರುವುದು ಅಲ್ಲಿಯೇ.