ನನ್ನದೇ ಕೋಣೆಯಲ್ಲಿ ಎರಡನೇ ಮಂಚ ಮಂಜೂರು ಮಾಡುವ ಬಗ್ಗೆ

ಇಂದ,
ಈ ಮನೆಯ ಒಬ್ಬಳೇ ಮಗಳು,
ಪದವಿಯ ಮೊದಲ ವರ್ಷ ಮುಗಿಸಿದವಳು (ಫಲಿತಾಂಶ ಬಾಕಿ),
ಕಾಯಂ ವಿಳಾಸ: ಬಾಲ್ಕನಿ ಪಕ್ಕದ ಕೋಣೆ,
ಹಾಲಿ ವಿಳಾಸ: ಹಾಲಿನಲ್ಲಿರುವ ಸೋಫಾ.

ಗೆ,
ಮಾನ್ಯ ಅಮ್ಮನವರು,
ಕುಟುಂಬದ ಮುಖ್ಯಸ್ಥರು (ಕಾಗದಪತ್ರಗಳಲ್ಲಿ ಅಪ್ಪನ ಹೆಸರಿದ್ದರೂ),
ಅಡುಗೆಮನೆ.

ವಿಷಯ: ಕಾಲೇಜಿಗೆಂದು ಮನೆ ಬಿಟ್ಟ ಮೊದಲ ವರ್ಷದಲ್ಲಿ ನಾನು ಕಲಿತ ಪಾಠಗಳ ವರದಿ, ಮತ್ತು ಅದೇ ಅವಧಿಯಲ್ಲಿ ನನ್ನ ಕೋಣೆಯನ್ನು ನನಗೆ ತಿಳಿಸದೆ ಬೇರೊಬ್ಬರಿಗೆ ಕೊಟ್ಟ ಕುರಿತು.

ಉಲ್ಲೇಖ:
೧. ತಮ್ಮ ಮೌಖಿಕ ಆದೇಶ: "ಏನಿದ್ರೂ ಬರ್ಕೊಡು. ಬಾಯಲ್ಲಿ ಹೇಳಿದ್ದನ್ನ ನಾಳೆ ಇಲ್ಲ ಅಂತೀಯ." ಇಂದು ಬೆಳಿಗ್ಗೆ, ಒಲೆಯ ಮುಂದೆ.
೨. ಸದರಿ ವಿಷಯದಲ್ಲಿ ಅಪ್ಪನವರ ಅಭಿಪ್ರಾಯ: "ನನ್ನ ಮಧ್ಯೆ ಎಳೀಬೇಡಿ."

ಮಾನ್ಯರೇ,

ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ತಾವು ಸರ್ಕಾರಿ ಕಚೇರಿಯಲ್ಲಿ ಅರ್ಜಿ ಸ್ವೀಕರಿಸುವ ಕಿಟಕಿಯ ಹಿಂದೆ ಕೂತು, ವಿಷಯ ಬರೆಯದವರನ್ನೂ ಉಲ್ಲೇಖ ಮರೆತವರನ್ನೂ ವಾಪಸು ಕಳಿಸುತ್ತ ನನ್ನನ್ನು ಸಾಕಿ ಬೆಳೆಸಿದವರು. ನಾನು ಚಿಕ್ಕಂದಿನಲ್ಲೇ ಸೈಕಲ್ಲಿಗೆ ಅರ್ಜಿ ಹಾಕಿ, "ಕಾರಣ ಸಮರ್ಪಕವಾಗಿಲ್ಲ" ಎಂಬ ಷರಾದೊಂದಿಗೆ ಅದನ್ನು ವಾಪಸು ಪಡೆದವಳು. ಆದ್ದರಿಂದ ಈ ಅರ್ಜಿಯಲ್ಲಿ ತಾಂತ್ರಿಕ ದೋಷ ಹುಡುಕುವ ಶ್ರಮ ತೆಗೆದುಕೊಳ್ಳಬಾರದಾಗಿ ಮೊದಲಿಗೇ ವಿನಂತಿ.

೧. ಹೋದ ವರ್ಷ ನಾನು ಒಂದು ಹಗಲಿನ ಬಸ್ ಪ್ರಯಾಣದಷ್ಟು ದೂರದ ಕಾಲೇಜಿಗೆ ಹೊರಟಾಗ, "ಇನ್ಮೇಲೆ ನನ್ನ ಪಾಡಿಗೆ ನಾನು ಬದುಕ್ತೀನಿ" ಎಂದು ಬಾಗಿಲಲ್ಲಿ ನಿಂತು ಘೋಷಿಸಿದ್ದು ತಮಗೆ ನೆನಪಿರಬಹುದು. ತಾವು ಅದಕ್ಕೆ, "ಬದುಕು. ಬಕೆಟ್ ತಗೊಂಡ್ಹೋಗು" ಎಂದಿರಿ. ನಾನು ಸ್ವಾತಂತ್ರ್ಯವನ್ನು ಮಾತ್ರ ಒಯ್ದೆ. ಹಾಸ್ಟೆಲ್ಲಿನಲ್ಲಿ ಮೂಲೆಗೆಸೆದ ಬಟ್ಟೆ ಒಗೆದು ಮಡಿಚಿಕೊಂಡು ತಾನಾಗಿ ಕಪಾಟಿಗೆ ಬರುವುದೆಂದು ಒಂದು ವಾರ ಕಾದೆ. ಬರಲಿಲ್ಲ. ಮನೆಯಲ್ಲಿ ಈ ಕಾಮಗಾರಿಯನ್ನು ಯಾವ ಇಲಾಖೆ ನಿರ್ವಹಿಸುತ್ತಿತ್ತು ಎಂಬುದು ಆಮೇಲೆ ವಿಚಾರಣೆಯಿಂದ ತಿಳಿದುಬಂತು. ಕಾರಣ, ಒಂದು ಬಕೆಟ್ ಕೊಂಡು, ಕೆಂಪು ಟವೆಲ್ಲಿನ ಜೊತೆ ಬಿಳಿ ಅಂಗಿಗಳನ್ನೆಲ್ಲ ನೆನೆಹಾಕಿ, ಇಡೀ ಮೊದಲ ಸೆಮಿಸ್ಟರನ್ನು ಗುಲಾಬಿ ಬಣ್ಣದಲ್ಲಿ ಕಳೆದಿದ್ದೇನೆ. ಗೆಳತಿಯರು ಅದನ್ನು ನನ್ನ ಅಭಿರುಚಿ ಎಂದುಕೊಂಡರು. ನಾನೂ ತಿದ್ದಲಿಲ್ಲ.

೨. ಎರಡನೇ ಸೆಮಿಸ್ಟರಿನಲ್ಲಿ ನನಗೆ ಜ್ವರ ಬಂತು. ನನ್ನ ಕೋಣೆಯವರೆಲ್ಲ ಕಾಲೇಜಿನ ಪ್ರವಾಸಕ್ಕೆ ಹೋಗಿದ್ದರು. ಹಾಸ್ಟೆಲ್ಲಿನ ಮೇಲ್ವಿಚಾರಕಿಯನ್ನು ನಾವು ಬೀಗದಕ್ಕ ಎನ್ನುತ್ತೇವೆ, ಸೊಂಟದ ಗೊಂಚಲಿನಿಂದಾಗಿ. ಅವರು ಬಾಗಿಲಲ್ಲೇ ನಿಂತು, "ಜ್ವರ ಬರೋದಿದ್ರೆ ಮೊದ್ಲೇ ತಿಳಿಸ್ಬೇಕು. ಗಂಜಿಗೆ ಬೇರೆ ಅಕ್ಕಿ ಹಾಕ್ಬೇಕಾಗುತ್ತೆ" ಎಂದರು. ಮುಂದಿನ ಜ್ವರದಿಂದ ಈ ನಿಯಮ ಪಾಲಿಸುವುದಾಗಿ ಒಪ್ಪಿಕೊಂಡೆ. ಗೋಡೆ ಹಿಡಿದುಕೊಂಡು ನೀರಿನ ಫಿಲ್ಟರಿನವರೆಗೆ ಹೋದವಳು, ಬಾಟಲಿ ಕೋಣೆಯಲ್ಲೇ ಉಳಿಯಿತೆಂದು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಆಗಲೇ ತಮ್ಮ ಫೋನು ಬಂತು.

"ಊಟ ಆಯ್ತಾ?"

"ಹೂಂ, ಆಯ್ತು."

"ಧ್ವನಿ ಯಾಕೆ ಹಾಗಿದೆ?"

"ಇಲ್ಲಿ ಸಿಗ್ನಲ್ ಸರಿ ಇಲ್ಲಮ್ಮ. ಕ್ಲಾಸಿದೆ, ಆಮೇಲೆ ಮಾಡ್ತೀನಿ."

ಪಠ್ಯದಲ್ಲಿ ಇಲ್ಲದಿದ್ದರೂ ಆ ವರ್ಷ ನಾನು ಪೂರ್ತಿ ಪಳಗಿದ ವಿಷಯ ಇದೊಂದೇ. ಇದಕ್ಕೆ ಪರೀಕ್ಷೆ ಇದ್ದಿದ್ದರೆ ಈ ಅರ್ಜಿಯ ಮೇಲ್ಭಾಗದಲ್ಲಿ 'ಫಲಿತಾಂಶ ಬಾಕಿ' ಎಂದು ಬರೆಯಬೇಕಾಗುತ್ತಿರಲಿಲ್ಲ.

೩. ಪರೀಕ್ಷೆ ಮುಗಿದ ಮೇಲೆ, ತಮ್ಮನ್ನು ಬೆರಗುಗೊಳಿಸುವ ದುರುದ್ದೇಶದಿಂದ ಮುನ್ಸೂಚನೆ ಕೊಡದೆ ಬಂದೆ. ಕರೆಗಂಟೆ ಒತ್ತಿದಾಗ ನನ್ನ ಹಸಿರು ಸ್ವೆಟರು ಬಾಗಿಲು ತೆರೆಯಿತು. ಅದರೊಳಗೆ ನನ್ನದೇ ವಯಸ್ಸಿನ ಅಪರಿಚಿತ ಹುಡುಗಿಯೊಬ್ಬಳು ಇದ್ದಳು.

"ಯಾರು ಬೇಕಿತ್ತು?" ಎಂದಳು.

ಹುಟ್ಟಿದಾಗಿನಿಂದ ಆ ಬಾಗಿಲಲ್ಲಿ ನನ್ನನ್ನು ಯಾರೂ ಕೇಳದ ಪ್ರಶ್ನೆ ಅದು. "ನಾನು ಈ ಮನೆಯವಳು" ಎಂದೆ. ಹಾಗೆ ಹೇಳುವಾಗ ನನಗೇ ಸುಳ್ಳು ಹೇಳಿದಂತೆ ಕೇಳಿಸಿತು.

"ಓ, ಅಕ್ಕನಾ. ಆಂಟಿ ಇನ್ನೂ ಆಫೀಸಿಂದ ಬಂದಿಲ್ಲ. ಕೂತ್ಕೊಳ್ಳಿ, ನೀರು ತರ್ತೀನಿ."

ಸದರಿ ಹುಡುಗಿ ನನ್ನನ್ನು ನನ್ನ ಮನೆಯಲ್ಲಿ ಕೂರಿಸಿ, ನೆಂಟರಿಗೆಂದು ಗಾಜಿನ ಕಪಾಟಿನಲ್ಲಿಡುವ ಲೋಟದಲ್ಲಿ ನೀರು ತಂದುಕೊಟ್ಟಳು. ಆ ಲೋಟವನ್ನು ಮುಟ್ಟಿದ್ದಕ್ಕೆ ನಾನು ಚಿಕ್ಕವಳಿದ್ದಾಗ ತಮ್ಮಿಂದ ಪೆಟ್ಟು ತಿಂದಿದ್ದೆ. ಈಗ ಅದರಲ್ಲಿ ಕುಡಿಯುವ ಅರ್ಹತೆ ಬಂದಿತ್ತು.

ತಾವು ಸಂಜೆ ಬಂದು, ಚೀಲವನ್ನು ಕೆಳಗಿಡದೆ ನನ್ನ ಮುಖ ನೋಡಿದಿರಿ. "ಸೊರಗಿ ಹೋಗಿದೀಯಲ್ಲೇ" ಎಂದಿರಿ. ಅದರ ಬೆನ್ನಿಗೇ, "ಹೇಳದೆ ಕೇಳದೆ ಬಂದ್ರೆ ಅನ್ನ ಎಲ್ಲಿಂದ ತರ್ಲಿ? ಪುಟ್ಟೀ, ಇನ್ನೊಂದು ತಟ್ಟೆ ಹಾಕು" ಎಂದಿರಿ.

"ಹೂಂ" ಎಂದು ಇಬ್ಬರೂ ಎದ್ದೆವು.

ಪುಟ್ಟಿ ಎಂಬ ಹುದ್ದೆಯಲ್ಲಿ ನಾನು ಹುಟ್ಟಿದಾಗಿನಿಂದ ಸೇವೆ ಸಲ್ಲಿಸುತ್ತಿದ್ದು, ಅದನ್ನು ಬೇರೊಬ್ಬರಿಗೆ ವಹಿಸುವಾಗ ನೋಟಿಸು ಕೊಡುವುದು ಕನಿಷ್ಠ ಸೌಜನ್ಯ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

೪. ಮಾರನೆಯ ದಿನ ಅಪ್ಪನವರನ್ನು ವಿಚಾರಿಸಿದೆ. ಅವರು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವರಾದ್ದರಿಂದ, ಪಕ್ಕದ ಸೀಟಿನಲ್ಲಿ ಕೂತು ಕಾಲ ಕೆಳಗಿನ ಎರಡನೇ ಬ್ರೇಕನ್ನು ತುಳಿಯುವುದೇ ಅವರ ಬದುಕು. ಮನೆಯಲ್ಲಿ ತಾವು ಮತ್ತು ನಾನು ಮಾತು ಏರಿಸಿದರೆ ಸೋಫಾದಲ್ಲಿ ಕೂತಲ್ಲೇ ಅವರ ಬಲಗಾಲು ನೆಲವನ್ನು ಒತ್ತುತ್ತದೆ. ಅವರ ಸ್ಕೂಲಿನ ಕಾರಿನಲ್ಲಿ ಕೂತು ಕೇಳಿದೆ:

"ನನಗ್ಯಾಕಪ್ಪಾ ಹೇಳ್ಲಿಲ್ಲ?"

"ಹೇಳೋಣ ಅಂತಲೇ ಇದ್ವಿ. ನೀನು ಕ್ಲಾಸಿದೆ ಅಂತ ಇಟ್ಬಿಡ್ತಿದ್ದೆ. ಅಷ್ಟ್ರೊಳಗೆ ಹೇಳಿ ಮುಗಿಸೋ ಸುದ್ದಿ ಅಲ್ವಲ್ಲ ಇದು."

"ನನ್ನ ರೂಮೇ ಬೇಕಿತ್ತಾ?"

ಅಪ್ಪ ಕನ್ನಡಿ ಸರಿಮಾಡಿಕೊಂಡರು. ಗಾಡಿ ನಿಂತೇ ಇತ್ತು.

"ನೀನು ಹೋದ್ಮೇಲೆ ನಿಮ್ಮಮ್ಮ ಆ ರೂಮಿನ ಬಾಗಿಲು ಹಾಕಿಟ್ಲು. ಹಾಕಿದ ಬಾಗಿಲು ನೋಡಿದ್ರೆ ನೀನು ಒಳಗೆ ಮಲಗಿದೀಯ ಅನ್ಸೋದಂತೆ. ಬೆಳಿಗ್ಗೆ ಮಿಕ್ಸಿ ಹಾಕ್ತಾನೇ ಇರ್ಲಿಲ್ಲ. ನಾನು ಟೀವಿ ಹಾಕಿದ್ರೆ ಮೆಲ್ಲಗೆ ಅಂತಿದ್ಲು. ಆಮೇಲೆ ಬಾಗಿಲು ತೆಗೆದಿಟ್ಟು ನೋಡಿದ್ಲು. ಅದು ಇನ್ನೂ ಕಷ್ಟ ಆಯ್ತು."

"ಆಮೇಲೆ?"

"ಆಮೇಲೆ ಈ ಹುಡುಗಿ ಯಾವುದೋ ಸರ್ಟಿಫಿಕೇಟಿಗೆ ಅಂತ ನಿಮ್ಮಮ್ಮನ ಕಿಟಕಿಗೆ ಬಂದಿದಾಳೆ. ಅರ್ಜಿ ತಪ್ಪಾಗಿದೆ ಅಂತ ನಿಮ್ಮಮ್ಮ ವಾಪಸು ಕೊಟ್ರೆ, ಅಲ್ಲೇ ನಿಂತು ಅತ್ತುಬಿಟ್ಲಂತೆ. ಇಲ್ಲಿ ಕಾಲೇಜು ಸೇರಿದಾಳೆ, ಹಾಸ್ಟೆಲ್ ಸಿಕ್ಕಿಲ್ಲ, ಊರು ದೂರ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಸಾಯಂಕಾಲ ನಿಮ್ಮಮ್ಮ ಅವಳನ್ನ ಟಪಾಲಿನ ಜೊತೆ ಮನೆಗೆ ತಂದ್ಲು. ಅವತ್ತಿಂದ ನನ್ನ ಬೈಯೋದು ಅರ್ಧ ಕಡಿಮೆ ಆಗಿದೆ. ಇದನ್ನ ನಾನು ಹೇಳ್ದೆ ಅಂತ ಹೇಳ್ಬೇಡ."

ಅಪ್ಪನ ಕೋರಿಕೆಯನ್ನು ಗೌರವಿಸಿ, ಈ ಅಂಶವನ್ನು ಯಾರು ತಿಳಿಸಿದರೆಂದು ನಾನು ಇಲ್ಲಿ ನಮೂದಿಸುತ್ತಿಲ್ಲ.

೫. ಇಷ್ಟು ಕೇಳಿದ ಮೇಲೂ ನನ್ನ ಹೊಟ್ಟೆಕಿಚ್ಚು ಆರಲಿಲ್ಲ. ಸದರಿ ಹುಡುಗಿ ಒದ್ದೆ ಟವೆಲನ್ನು ಮಂಚದ ಮೇಲೆ ಎಸೆಯುತ್ತಾಳೆ. ತಾವು ಅವಳಿಗೆ, "ನಿನ್ನ ಕೈಗೇನು ಲಕ್ವ ಹೊಡೆದಿದ್ಯಾ? ಹಗ್ಗ ಕಾಣ್ಸಲ್ವಾ?" ಎನ್ನುತ್ತೀರಿ. ಇದು ಅಕ್ಷರಶಃ ನನ್ನ ಬೈಗುಳ. ನನಗಾದರೋ, "ನೀನು ಕೂತ್ಕೋ, ಆಯಾಸ ಆಗಿರುತ್ತೆ" ಎನ್ನುತ್ತೀರಿ. ನೆಂಟರಿಗೆ ಆಡುವ ಮಾತು. ಒಂದು ದಿನ ಬೇಕೆಂದೇ ನಾನೂ ಒದ್ದೆ ಟವೆಲನ್ನು ಸೋಫಾದ ಮೇಲೆ ಬಿಟ್ಟೆ. ತಾವು ತುಟಿ ಎರಡು ಮಾಡದೆ ಅದನ್ನು ಎತ್ತಿ ಒಣಹಾಕಿದಿರಿ. ಆ ಇಡೀ ಸಂಜೆ ನಾನು ಯಾರೊಂದಿಗೂ ಮಾತಾಡಲಿಲ್ಲ. ಯಾರೂ ಗಮನಿಸದ ಕಾರಣ ಮರುದಿನದಿಂದ ಮಾತಾಡಿದೆ.

೬. ನಿನ್ನೆ, ಭಾನುವಾರ, ಮಧ್ಯಾಹ್ನದ ಘಟನೆಗೆ ಬರುತ್ತೇನೆ. ನಾನು ಬಟ್ಟೆ ತೆಗೆದುಕೊಳ್ಳಲು ನನ್ನ (ಅವಳ) ಕೋಣೆಗೆ ಹೋಗಿದ್ದೆ. ಅವಳ ಫೋನು ಅಲ್ಲಾಡಿತು. ಪರದೆಯ ಮೇಲೆ 'ಅಮ್ಮ' ಎಂದಿತ್ತು. ಅವಳು ಅದನ್ನು ಮಗುಚಿಟ್ಟಳು.

"ಎತ್ತಲ್ವಾ?" ಎಂದೆ.

"ಆಮೇಲೆ ಮಾಡ್ತೀನಿ ಬಿಡಿ ಅಕ್ಕ. ದಿನಾ ಅದೇ ರಾಗ. ಊಟ ಆಯ್ತಾ, ಊಟ ಆಯ್ತಾ."

ಹಾಗೆಂದು ಸ್ನಾನಕ್ಕೆ ಹೋದಳು. ಫೋನು ಮತ್ತೆ ಅಲ್ಲಾಡಿತು. ನಿಂತಿತು. ಮತ್ತೆ ಅಲ್ಲಾಡಿತು. ಪರರ ಫೋನನ್ನು ಎತ್ತುವುದು ತಪ್ಪೆಂದು ತಿಳಿದೂ ನಾನು ಎತ್ತಿದೆ. ಆಮೇಲೆ ಮಾಡಿಸುತ್ತೇನೆ ಎಂದಷ್ಟೇ ಹೇಳುವುದು ನನ್ನ ಉದ್ದೇಶವಾಗಿತ್ತು. ಅದಕ್ಕೆ ಆಸ್ಪದ ಸಿಗಲಿಲ್ಲ.

"ಅಬ್ಬ, ಎತ್ತಿದ್ಯಾ ತಾಯಿ. ಊಟ ಆಯ್ತಾ?"

ಅತ್ತಲಿಂದ ಬಂದ ಧ್ವನಿ ತಮ್ಮದಲ್ಲ. ದನಿ ಬೇರೆ, ಮಾತಿನ ಎಳೆತ ಬೇರೆ. ಆದರೂ ನನ್ನ ಬಾಯಿ ತಾನಾಗಿ, "ಹೂಂ, ಆಯ್ತು" ಎಂದಿತು.

"ಧ್ವನಿ ಯಾಕೋ ಬೇರೆ ಥರ ಇದೆಯಲ್ಲೇ. ನೆಗಡಿನಾ?"

"ಹೂಂ. ಸ್ವಲ್ಪ."

"ಬಿಸಿನೀರು ಕುಡಿ. ತಲೆ ಒರೆಸ್ಕೊಳ್ದೆ ಓಡಾಡ್ತೀಯ ನೀನು. ಆ ಆಂಟಿ ಚೆನ್ನಾಗಿ ನೋಡ್ಕೋತಾರಾ?"

"ನೋಡ್ಕೋತಾರೆ" ಎಂದೆ. "ತುಂಬಾ ಬೈತಾರೆ."

"ಬೈದ್ರೆ ಬೈಸ್ಕೋ. ಬೈಯೋರು ಇದ್ದಾರೆ ಅಂದ್ರೆ ನಂಗೆ ಧೈರ್ಯ" ಎಂದು ಆ ತಾಯಿ ಫೋನಿಟ್ಟರು.

ತಿರುಗಿದರೆ, ಮಡಿಚಿದ ಬಟ್ಟೆಗಳನ್ನು ಎದೆಗೊತ್ತಿಕೊಂಡು ತಾವು ಬಾಗಿಲಲ್ಲಿ ನಿಂತಿದ್ದಿರಿ. ಎಷ್ಟು ಹೊತ್ತಿನಿಂದ ಎಂಬುದು ಗೊತ್ತಿಲ್ಲ. ಪರರ ಫೋನಿನ ವಿಷಯದಲ್ಲಿ ಶಿಸ್ತುಕ್ರಮ ಎದುರಿಸಲು ನಾನು ಸಿದ್ಧಳಾಗಿದ್ದೆ. ತಾವು ಅದರ ಮಾತೇ ಎತ್ತಲಿಲ್ಲ.

"ಅವತ್ತು ಸಿಗ್ನಲ್ ಸರಿ ಇಲ್ಲ ಅಂದ್ಯಲ್ಲ. ಹುಷಾರಿರ್ಲಿಲ್ವಾ ನಿಂಗೆ?" ಎಂದಿರಿ.

"ಯಾಕೆ?"

"ಅವತ್ತೂ ಹೀಗೇ ಹೇಳ್ದೆ. 'ಹೂಂ, ಆಯ್ತು' ಅಂತ."

ನಾನು, "ಸ್ವಲ್ಪ ಜ್ವರ ಇತ್ತು" ಎಂದೆ. ತಾವು ಬಟ್ಟೆಯನ್ನು ಕಪಾಟಿನಲ್ಲಿಟ್ಟು, ಇಟ್ಟದ್ದನ್ನೇ ತೆಗೆದು ಮತ್ತೊಮ್ಮೆ ಮಡಿಚಿ, "ಹೇಳಿದ್ರೆ ಬರ್ತಿದ್ದೆ" ಎಂದು ಗೋಡೆಗೆ ಹೇಳಿ ಹೊರಟುಹೋದಿರಿ. ಈ ವರ್ಷ ನನಗೆ ಬೋಧಿಸಿದ ಅಧ್ಯಾಪಕರು ಯಾರೂ ಇಷ್ಟು ಚಿಕ್ಕ ಪಾಠವನ್ನು ಇಷ್ಟು ನೋವಾಗುವಂತೆ ಮಾಡಿಲ್ಲ ಎಂಬುದನ್ನು ನಿಷ್ಪಕ್ಷಪಾತವಾಗಿ ದೃಢೀಕರಿಸುತ್ತೇನೆ.

ಸ್ನಾನ ಮುಗಿಸಿ ಬಂದವಳಿಗೆ ನಡೆದದ್ದನ್ನು ಹೇಳಿದೆ. "ನನ್ನ ಫೋನ್ ಯಾಕೆ ಎತ್ತಿದ್ರಿ?" ಎಂದು ಸಿಟ್ಟಾದಳು. ನ್ಯಾಯವೇ. ಆಮೇಲೆ, "ಏನಂದ್ರು?" ಎಂದಳು. ನಿನಗೆ ನೆಗಡಿಯಾಗಿದೆ ಎಂದೆ. ಅವಳು ಮಂಚದ ಮೇಲೆ ಕೂತು, ಮೂಗನ್ನು ಬೆರಳಿಂದ ಒತ್ತಿ ಹಿಡಿದುಕೊಂಡು ತನ್ನ ತಾಯಿಗೆ ಫೋನು ಮಾಡಿದಳು. ಮಾತು ನಗುವಿನಲ್ಲಿ ಶುರುವಾಯಿತು. ಮುಗಿಯುವ ಹೊತ್ತಿಗೆ ಮೂಗು ಒತ್ತಿ ಹಿಡಿಯುವ ಅಗತ್ಯವಿರಲಿಲ್ಲ, ತಾನಾಗಿ ಕಟ್ಟಿತ್ತು.

೭. ಹೀಗಿರುವಾಗ ಇಂದು ಬೆಳಿಗ್ಗೆ ತಾವು ಒಲೆಯ ಮುಂದೆ ನಿಂತು, "ಅವಳಿಗೆ ಬೇರೆ ಕಡೆ ನೋಡ್ತೀನಿ. ನಿನ್ನ ರೂಮು ನಿಂಗೇ ಇರ್ಲಿ" ಎಂದಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ ಉಲ್ಲೇಖ ೧ರ ಆದೇಶ ಹೊರಬಿತ್ತು. ಗೋಡೆಯಾಚೆ ಸದರಿ ಹುಡುಗಿಗೆ ಎಲ್ಲ ಕೇಳಿಸಿದೆ. ನಾನು ಹೋಗಿ ನೋಡಿದಾಗ ತನ್ನ ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಹಸಿರು ಸ್ವೆಟರನ್ನು ಮಡಿಚಿ ದಿಂಬಿನ ಮೇಲಿಟ್ಟಿದ್ದಳು.

"ನಿಮ್ಮ ರೂಮು ತಾನೇ ಅಕ್ಕ" ಎಂದಳು, ನನ್ನ ಕಡೆ ನೋಡದೆ.

"ಮೊದ್ಲು ಆ ಒದ್ದೆ ಟವೆಲ್ ತೆಗಿ. ನಿನ್ನ ಕೈಗೇನು ಲಕ್ವ ಹೊಡೆದಿದ್ಯಾ?" ಎಂದೆ.

ಈ ಮಾತು ನನ್ನ ಬಾಯಿಂದ ತಮ್ಮ ಧ್ವನಿಯಲ್ಲೇ ಹೊರಬಿದ್ದಿದ್ದರಿಂದ ಇಬ್ಬರೂ ಬೆಚ್ಚಿದೆವು. ಅವಳು ಟವೆಲ್ ತೆಗೆದಳು. ಪುಸ್ತಕಗಳನ್ನು ನಾನು ಚೀಲದಿಂದ ಹೊರಗಿಟ್ಟೆ.

ಆದ್ದರಿಂದ, ಈ ಮೇಲಿನ ಎಲ್ಲ ಕಾರಣಗಳಿಂದ, ಮತ್ತು ಹಾಸ್ಟೆಲ್ಲಿನಲ್ಲಿ ನಾನು ನಾಲ್ವರೊಂದಿಗೆ ಒಂದೇ ಕೋಣೆಯಲ್ಲಿ ಬದುಕುವುದನ್ನು ಕಲಿತಿರುವ ಕಾರಣ, ತಮ್ಮಲ್ಲಿ ಕೋರುವುದೇನೆಂದರೆ:

(ಅ) ಸದರಿ ಹುಡುಗಿಯನ್ನು ಎತ್ತಂಗಡಿ ಮಾಡದೆ, ಅದೇ ಕೋಣೆಯಲ್ಲಿ ಎರಡನೇ ಮಂಚವನ್ನು ಮಂಜೂರು ಮಾಡುವುದು.

(ಆ) ಪುಟ್ಟಿ ಎಂಬ ಹುದ್ದೆಯನ್ನು ಜಂಟಿಯಾಗಿ ಮುಂದುವರಿಸುವುದು. ಬೈಗುಳಗಳ ಹಂಚಿಕೆಯಲ್ಲಿ ಮಾತ್ರ ಸೇವಾ ಹಿರಿತನ ಪರಿಗಣಿಸಿ ನನಗೆ ದೊಡ್ಡ ಪಾಲು ಕೊಡುವುದು.

(ಇ) ನಾನು ಊರಲ್ಲಿಲ್ಲದಾಗಲೂ ಬೆಳಿಗ್ಗೆ ಮಿಕ್ಸಿ ಹಾಕುವುದು.

ತಮ್ಮ ವಿಶ್ವಾಸಿ
(ವಿಶ್ವಾಸಕ್ಕೆ ಅರ್ಹಳೇ ಎಂಬುದು ಪರಿಶೀಲನೆಯಲ್ಲಿದೆ),
ಮಗಳು

ಸ್ಥಳ: ಸೋಫಾ
ದಿನಾಂಕ: ರಜೆಯ ಕೊನೆಯ ದಿನ

ಅಡಕಗಳು:
೧. ಮೇಜನ್ನು ಬಾಲ್ಕನಿಗೆ ಸಾಗಿಸಿದರೆ ಎರಡು ಮಂಚ ಹಿಡಿಯುತ್ತದೆಂದು ತೋರಿಸುವ ನಕ್ಷೆ. ಬಿಡಿಸಿದವರು: ಅಪ್ಪ. ಪಾರ್ಕಿಂಗ್ ಪಾಠದ ಹಾಳೆಯಲ್ಲಿ ಬಿಡಿಸಿರುವುದರಿಂದ ಮಂಚಗಳಿಗೆ ಚಕ್ರಗಳಿವೆ, ಮನ್ನಿಸುವುದು.
೨. ಸದರಿ ಹುಡುಗಿಯ ನಿರಾಕ್ಷೇಪಣಾ ಪತ್ರ. ಷರತ್ತು: ಅಕ್ಕ ಗೊರಕೆ ಹೊಡೆಯಬಾರದು.

ಪ್ರತಿ: ಅಪ್ಪನವರಿಗೆ, ಮಾಹಿತಿಗಾಗಿ. ಕ್ರಮಕ್ಕಾಗಿ ಅಲ್ಲ.

ವಿಶೇಷ ಸೂಚನೆ: ನಾಳೆ ಬೆಳಿಗ್ಗೆ ನಾನು ಹೊರಡುವಾಗ, "ಬಸ್‌ಸ್ಟ್ಯಾಂಡಿಗೆಲ್ಲ ಬರ್ಬೇಡಮ್ಮ, ನಾನೇ ಹೋಗ್ತೀನಿ" ಎಂದು ಹೇಳುವವಳಿದ್ದೇನೆ. ಸದರಿ ಹೇಳಿಕೆಯನ್ನು ಪರಿಗಣಿಸಬಾರದಾಗಿ ವಿನಂತಿ.