ಹೋಳಿಗೆಯೊಳಗಿನ ಹಿಡಿ ಶೇಂಗಾ

ವೈದ್ಯರ ಮಾತನ್ನು ನಾನು ಎಂದೂ ಮೀರಿದವನಲ್ಲ. ಆದರೆ ಅವರು ಹತ್ತು ಮಾತು ಹೇಳಿದರೆ, ಅದರಲ್ಲಿ ತಿನ್ನಲು ಬರುವ ಮಾತಷ್ಟೇ ನನ್ನ ಕಿವಿಗೆ ಬೀಳುತ್ತದೆ. ಇಂಡಿ ಪಟ್ಟಣದ ಶಾಲೆಯೊಂದರಲ್ಲಿ ಮಕ್ಕಳಿಗೆ ಗಣಿತದ ಜೊತೆಗೆ ಸಮತೋಲಿತ ಆಹಾರದ ಪಾಠ ಹೇಳುವವನೂ ನಾನೇ, ಗಂಟೆ ಹೊಡೆದ ಕೂಡಲೇ ಬಸ್ ನಿಲ್ದಾಣದ ಎದುರು ಮಿರ್ಚಿ ಭಜಿಗೆ ಕೈಯೊಡ್ಡುವವನೂ ನಾನೇ.

ಮೂರು ತಿಂಗಳ ಹಿಂದೆ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಗಡಿಯ ಮೇಲೆ ಬಂದು ನಿಂತಿತ್ತು. "ಮಾಸ್ತರ, ಭಜಿ ಬಿಡ್ರಿ. ಅದರ ಬದಲಿ ದಿನಾ ಒಂದು ಹಿಡಿ ಶೇಂಗಾ ತಿನ್ರಿ. ಮೂರು ತಿಂಗಳದಾಗ ಇಳೀಲಿಲ್ಲಂದ್ರ ಗುಳಿಗಿ ಚಾಲೂ ಮಾಡ್ತೇನಿ," ಎಂದರು ವೈದ್ಯರು. ಗುಳಿಗೆ ಎಂದರೆ ನನ್ನ ಎದೆ ಧಸಕ್ಕೆನ್ನುತ್ತದೆ. ನಮ್ಮಪ್ಪ ಗುಳಿಗೆ ಶುರು ಮಾಡಿದ ಮೇಲೆ, ಮದುವೆಗಳಲ್ಲಿ ಹೋಳಿಗೆ ಬಡಿಸುವವರು ಅವರ ಎಲೆಯನ್ನು ದಾಟಿಯೇ ಹೋಗುತ್ತಿದ್ದರು. ಅಂಥ ಅವಮಾನ ಶತ್ರುವಿಗೂ ಬೇಡ.

ಬರಿಯ ಶೇಂಗಾ ಅಗಿಯುವುದು ಬೇಸರದ ಕೆಲಸ. ಹಾಗಾಗಿ ಲೆಕ್ಕ ಹಾಕಿದೆ. ಒಂದು ಶೇಂಗಾ ಹೋಳಿಗೆಯಲ್ಲಿ ಅರ್ಧ ಹಿಡಿ ಶೇಂಗಾ ಇರುತ್ತದೆ. ಅಂದಮೇಲೆ ದಿನಕ್ಕೆ ಎರಡು. ಬೆಲ್ಲ, ತುಪ್ಪದ ಬಗ್ಗೆ ವೈದ್ಯರು ಚಕಾರ ಎತ್ತಿರಲಿಲ್ಲ. ಭಜಿ ತಿಂದ ದಿನ ಪರಿಹಾರಕ್ಕೆಂದು ಮೂರನೆಯದು. ಖಾನಾವಳಿಯಿಂದ ತಂದ ಹೋಳಿಗೆಯ ಕಟ್ಟು ನೋಡಿ ಹೆಂಡತಿ ಕಸ್ತೂರಿ, "ಇದೂ ಔಷಧ ಏನ್ರಿ?" ಎಂದಳು. "ಡಾಕ್ಟರ್ ಹೇಳ್ಯಾರ," ಎಂದೆ. ಅವಳು ಎಂದಿನಂತೆ ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ಹಿಡಿ ಹುರಿದ ಶೇಂಗಾ ತಿಂದು ಎದ್ದಳು.

ಮೊನ್ನೆ ಮತ್ತೆ ಪರೀಕ್ಷೆ. ಕಸ್ತೂರಿಯೂ ಜೊತೆಗೆ ಬಂದಿದ್ದಳು. ಸಕ್ಕರೆ ಗಡಿ ದಾಟಿತ್ತು, ಜೊತೆಗೆ ತೂಕವೂ ಏರಿತ್ತು. "ಶೇಂಗಾ ತಿಂದ್ರಿಲ್ಲೋ?" ಎಂದು ವೈದ್ಯರು ಕೇಳಿದರು. "ಒಂದು ದಿನಾನೂ ತಪ್ಸಿಲ್ರಿ," ಎಂದೆ ಹೆಮ್ಮೆಯಿಂದ.

"ಹೋಳಿಗ್ಯಾಗ ತಿಂದಾರ್ರಿ. ಭಜೀನೂ ಬಿಟ್ಟಿಲ್ಲ," ಎಂದು ಕಸ್ತೂರಿ ಬಂಡವಾಳ ಬಯಲು ಮಾಡಿದಳು. ಆಮೇಲೆ ನನ್ನ ಕಡೆ ತಿರುಗಿ, "ನಿಮಗೇನರ ಆದ್ರ ನಾ ಯಾರ ಕೂಡ ಜಗಳಾಡ್ಲಿ?" ಎಂದಳು. ನಿಜಕ್ಕೂ ನಾಚಿಕೆಯಾಯಿತು. ವೈದ್ಯರು ಗುಳಿಗೆ ಬರೆದರು.

ಮನೆಗೆ ಬಂದು ರೊಟ್ಟಿ, ಪುಂಡಿಪಲ್ಯ ಉಂಡೆ. ಕಸ್ತೂರಿ ತನ್ನ ಹಿಡಿಯಷ್ಟು ಶೇಂಗಾ ಅಳೆದು ನನ್ನ ಅಂಗೈಗೆ ಹಾಕಿ, ಗುಳಿಗೆ ಹಿಡಿದು ಎದುರಿಗೇ ಕೂತಳು. ಅವಳ ಹಿಡಿ ನನ್ನ ಅಂಗೈಯ ಮೂಲೆಗೂ ಸಾಲಲಿಲ್ಲ. ಹಿಡಿ ಯಾರದಿರಬೇಕು ಎಂದು ವೈದ್ಯರು ಹೇಳಿರಲಿಲ್ಲ. ಅದನ್ನು ಹೇಳೋಣವೆಂದೇ ಬಾಯಿ ತೆರೆದೆ. ಕಸ್ತೂರಿಯ ಮುಖ ನೋಡಿ, ತೆರೆದ ಬಾಯಿಗೆ ಗುಳಿಗೆ ಹಾಕಿಕೊಂಡೆ.